ಹೊಸ ಪೇಸ್‌ಮೇಕರ್, ಹಳೆ ವೈರು: ಅಪ್ಪನಿಗೆ ಹೃದಯದ ಎಂಆರ್‌ಐ ಮಾಡಿಸಬಹುದೇ?

ಪ್ರಶ್ನೆ: ನನ್ನ ಅಪ್ಪನಿಗೆ ಈಗ 61 ವರ್ಷ. ಊರು ಮಲೆನಾಡು ಕಡೆ, ಅಡಿಕೆ ತೋಟ ಇದೆ. 2009ರಲ್ಲಿ ಅವರಿಗೆ 45 ವರ್ಷ ಇದ್ದಾಗ ತೋಟದಲ್ಲೇ ತಲೆ ತಿರುಗಿ ಬಿದ್ದರು. ಕಂಪ್ಲೀಟ್ ಹಾರ್ಟ್ ಬ್ಲಾಕ್, ಅಂದರೆ ಹೃದಯ ಬಡಿಸುವ ಕರೆಂಟು ಕೆಳಕೋಣೆಗೆ ತಲುಪುತ್ತಿಲ್ಲ ಎಂದು ಪೇಸ್‌ಮೇಕರ್ ಹಾಕಿದರು. 2019ರಲ್ಲಿ ಬ್ಯಾಟರಿ ಮುಗಿದು ಹೊಸದು ಹಾಕಿಸಿದೆವು. 'ಇದು ಎಂಆರ್‌ಐ ಪೇಸ್‌ಮೇಕರ್, ಇನ್ನು ಯಾವ ಸ್ಕ್ಯಾನ್‌ಗೂ ತೊಂದರೆ ಇಲ್ಲ' ಎಂದು ಆಗ ಹೇಳಿದ್ದರು. ಈಗ ಆರು ತಿಂಗಳಿಂದ ಏರು ಹತ್ತಿದರೆ ಏದುಸಿರು ಬರುತ್ತದೆ. ಎಕೋ ಮಾಡಿಸಿದರೆ ಪಂಪಿಂಗ್ 38 ಪರ್ಸೆಂಟ್. ಆಂಜಿಯೋಗ್ರಾಂ ನಾರ್ಮಲ್. ಕಾರಣ ತಿಳಿಯಲು ಹೃದಯದ ಎಂಆರ್‌ಐ ಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಒಂದು ಸ್ಕ್ಯಾನಿಂಗ್ ಸೆಂಟರ್‌ನವರು ಪೇಸ್‌ಮೇಕರ್ ಕಾರ್ಡ್ ನೋಡಿ ದಿನಾಂಕ ಕೊಟ್ಟರು. ಹೋದ ಮೇಲೆ 'ವೈರು ಹಳೆಯದು, ಆಗಲ್ಲ' ಎಂದು ವಾಪಸ್ ಕಳಿಸಿದರು. ಇನ್ನೊಂದು ಕಡೆ, ಹಳೆ ವೈರು ತೆಗೆಸಿ ಹೊಸದು ಹಾಕಿಸಿಕೊಂಡು ಬನ್ನಿ ಅನ್ನುತ್ತಾರೆ. ಆಯಸ್ಕಾಂತ ಪೇಸ್‌ಮೇಕರನ್ನೇ ಎಳೆದುಬಿಡುತ್ತದೆ, ವೈರು ಕಾದು ಹೃದಯ ಸುಡುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಅಪ್ಪ 'ನನಗೆ ಯಾವ ಸ್ಕ್ಯಾನೂ ಬೇಡ' ಎಂದು ಕೂತಿದ್ದಾರೆ. ಇದರಲ್ಲಿ ಯಾರ ಮಾತು ನಿಜ? ಸಿಟಿ ಸ್ಕ್ಯಾನ್ ಮಾಡಿಸಿದರೆ ಸಾಲದೇ?

ಉತ್ತರ: ನಿಮ್ಮ ಅಪ್ಪನ ಹೆದರಿಕೆ ನನಗೆ ಅರ್ಥವಾಗುತ್ತದೆ. ಒಬ್ಬರು ಆಗುತ್ತದೆ ಅಂದು, ಇನ್ನೊಬ್ಬರು ಆಗಲ್ಲ ಅಂದರೆ ಯಾರಿಗಾದರೂ ನಂಬಿಕೆ ಹೋಗುತ್ತದೆ. ಆದರೆ ಇಲ್ಲಿ ಯಾರೂ ಬೇಕೆಂದೇ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ಅರ್ಧ ಸಂಗತಿ ಹೇಳಿದ್ದಾರೆ, ಅಷ್ಟೇ.

ಪೇಸ್‌ಮೇಕರ್ ಅಂದರೆ ಎರಡು ಭಾಗ. ಹೆಗಲೆಲುಬಿನ ಕೆಳಗೆ ಚರ್ಮದಡಿ ಇರುವ ಪುಟ್ಟ ಡಬ್ಬಿ ಒಂದು. ಅದರಿಂದ ರಕ್ತನಾಳದೊಳಗೆ ಹೋಗಿ ಹೃದಯದ ಗೋಡೆಗೆ ಅಂಟಿಕೊಂಡಿರುವ ವೈರು ಇನ್ನೊಂದು. ಇದನ್ನು ನಾವು ಲೀಡ್ ಅನ್ನುತ್ತೇವೆ. ಬ್ಯಾಟರಿ ಬದಲಾಯಿಸುವಾಗ ಡಬ್ಬಿಯನ್ನು ಪೂರ್ತಿ ಬದಲಾಯಿಸುತ್ತಾರೆ. ಲೀಡ್ ಚೆನ್ನಾಗಿದ್ದರೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ನಿಮ್ಮ ಅಪ್ಪನ ಎದೆಯಲ್ಲಿ ಈಗ 2019ರ ಡಬ್ಬಿ ಇದೆ, 2009ರ ಲೀಡ್ ಇದೆ. ತೋಟದ ಬೋರ್‌ವೆಲ್‌ಗೆ ಹೊಸ ಮೋಟಾರು ಇಳಿಸಿ ಹಳೆ ಕೇಬಲನ್ನೇ ಉಳಿಸಿಕೊಂಡ ಹಾಗೆ. ಕಂಪನಿಯವರು ಎಂಆರ್‌ಐಗೆ ಒಪ್ಪಿಗೆ ಕೊಡುವುದು ಡಬ್ಬಿಗೊಂದು, ಲೀಡ್‌ಗೊಂದು ಅಂತ ಅಲ್ಲ. ಈ ಮಾದರಿಯ ಡಬ್ಬಿಗೆ ಈ ಮಾದರಿಯ ಲೀಡ್ ಸೇರಿದರೆ ಮಾತ್ರ ಎಂದು ಜೋಡಿಗೆ ಕೊಡುತ್ತಾರೆ. ಒಂದು ಕಂಪನಿಯ ಡಬ್ಬಿಗೆ ಇನ್ನೊಂದು ಕಂಪನಿಯ ಲೀಡ್ ಸೇರಿಸಿದ್ದರೆ, ಎರಡೂ ಬೇರೆ ಬೇರೆಯಾಗಿ ಎಂಆರ್‌ಐಗೆ ಒಪ್ಪಿಗೆ ಪಡೆದಿದ್ದರೂ ಆ ಜೋಡಿಗೆ ಸಾಮಾನ್ಯವಾಗಿ ಒಪ್ಪಿಗೆ ಇರುವುದಿಲ್ಲ. ಬ್ಯಾಟರಿ ಬದಲಾಯಿಸುವಾಗ ಈ ಮಾತನ್ನು ಮನೆಯವರಿಗೆ ಬಿಡಿಸಿ ಹೇಳಬೇಕು. ಎಷ್ಟೋ ಕಡೆ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಆಗಿರುವ ಗೊಂದಲವನ್ನು ನಾನು ಜಾಸ್ತಿ ನೋಡುವುದು ಇದೇ ಕಾರಣಕ್ಕೆ.

ಹಾಗಂತ ಇಲ್ಲಿಗೇ ದಾರಿ ಮುಚ್ಚಿತು ಅಂದುಕೊಳ್ಳಬೇಡಿ. ಕೆಲವು ಹಳೆ ಮಾದರಿಯ ಲೀಡ್‌ಗಳನ್ನು ಕಂಪನಿಗಳು ಆಮೇಲೆ ಮತ್ತೆ ಪರೀಕ್ಷೆ ಮಾಡಿ ಎಂಆರ್‌ಐ ಪಟ್ಟಿಗೆ ಸೇರಿಸಿವೆ. 2009ರಲ್ಲಿ ಒಪ್ಪಿಗೆ ಇಲ್ಲದಿದ್ದ ಲೀಡ್‌ಗೆ ಈಗ ಇರಬಹುದು. ಆದ್ದರಿಂದ ಮೊದಲ ಕೆಲಸ ಇದು: 2009ರ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಅದರಲ್ಲಿ ಲೀಡ್‌ನ ಮಾದರಿ ನಂಬರು ಇರುತ್ತದೆ, ಹಲವು ಸಲ ಸ್ಟಿಕ್ಕರನ್ನೇ ಅಂಟಿಸಿರುತ್ತಾರೆ. ಅದು ಸಿಗದಿದ್ದರೆ ಪೇಸ್‌ಮೇಕರ್ ಹಾಕಿದ ಆಸ್ಪತ್ರೆಯ ದಾಖಲೆಯಲ್ಲೋ ಕಂಪನಿಯವರ ಬಳಿಯೋ ಸಿಗುತ್ತದೆ. ಡಬ್ಬಿ, ಲೀಡ್ ಎರಡರ ನಂಬರನ್ನೂ ಕೊಟ್ಟು, 'ಈ ಜೋಡಿಗೆ ಎದೆಯ ಭಾಗದ ಎಂಆರ್‌ಐಗೆ ಒಪ್ಪಿಗೆ ಇದೆಯೇ, ಎಷ್ಟು ಟೆಸ್ಲಾ ಮಶೀನಿಗೆ' ಎಂದು ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಟೆಸ್ಲಾ ಅಂದರೆ ಮಶೀನಿನ ಆಯಸ್ಕಾಂತದ ಬಲದ ಅಳತೆ. ಎದೆಯ ಭಾಗ ಎಂದು ಒತ್ತಿ ಕೇಳಲು ಕಾರಣವಿದೆ. 2011ರಲ್ಲಿ ಅಮೆರಿಕದಲ್ಲಿ ಮೊದಲ ಎಂಆರ್‌ಐ ಪೇಸ್‌ಮೇಕರ್‌ಗೆ ಒಪ್ಪಿಗೆ ಸಿಕ್ಕಾಗ ತಲೆ, ಹೊಟ್ಟೆ, ಕಾಲು ಸ್ಕ್ಯಾನ್ ಮಾಡಬಹುದಿತ್ತು. ಎದೆಯನ್ನು ಮಶೀನಿನ ನಡುಮಧ್ಯ ಇಟ್ಟು ಸ್ಕ್ಯಾನ್ ಮಾಡುವಂತಿರಲಿಲ್ಲ. ಆಮೇಲೆ ಬಂದ ಹಲವು ಮಾದರಿಗಳಿಗೆ ಆ ಕಟ್ಟುಪಾಡು ಇಲ್ಲ. ಆದರೂ ಕೇಳಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

ಈಗ ನೆಂಟರ ಮಾತಿಗೆ ಬರೋಣ. ಆಯಸ್ಕಾಂತ ಪೇಸ್‌ಮೇಕರನ್ನು ಕಿತ್ತುಕೊಳ್ಳುತ್ತದೆ ಅನ್ನುವುದು ಸುಳ್ಳು. ಡಬ್ಬಿಯ ಕವಚ ಟೈಟಾನಿಯಂನದು. ಅದನ್ನು ಆಯಸ್ಕಾಂತ ಎಳೆಯುವುದಿಲ್ಲ. ಒಳಗೆ ಒಂದಿಷ್ಟು ಕಬ್ಬಿಣದ ಅಂಶ ಇದ್ದರೂ ತೀರಾ ಕಡಿಮೆ. ಹಾಕಿ ಆರು ವಾರವಾದ ಮೇಲೆ ಸುತ್ತಲಿನ ಮಾಂಸ ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೆಲವರಿಗೆ ಮಶೀನಿನೊಳಗೆ ಆ ಜಾಗದಲ್ಲಿ ಸ್ವಲ್ಪ ಎಳೆದ ಹಾಗೆ, ಬೆಚ್ಚಗಾದ ಹಾಗೆ ಅನ್ನಿಸುತ್ತದೆ. ಅಷ್ಟು ಅನಿಸಿದರೂ ಹೇಳಿ ಎಂದು ನಾವು ಮೊದಲೇ ತಿಳಿಸಿರುತ್ತೇವೆ.

ವೈರು ಕಾಯುತ್ತದೆ ಅನ್ನುವುದರಲ್ಲಿ ಮಾತ್ರ ನಿಜಾಂಶ ಇದೆ. ಎಂಆರ್‌ಐ ಮಶೀನು ರೇಡಿಯೋ ಅಲೆಗಳನ್ನು ಬಿಡುತ್ತದೆ. 1.5 ಟೆಸ್ಲಾ ಮಶೀನಿನಲ್ಲಿ ಅವು ಸುಮಾರು 64 ಮೆಗಾಹರ್ಟ್ಸ್ ಇರುತ್ತವೆ. ಉದ್ದನೆಯ ಲೋಹದ ವೈರು ಆ ಅಲೆಗಳನ್ನು ಆಂಟೆನಾದಂತೆ ಹಿಡಿಯುತ್ತದೆ. ಹಿಡಿದ ಶಕ್ತಿ ತುದಿಯಲ್ಲಿ, ಹೃದಯದ ಗೋಡೆಗೆ ತಾಗಿರುವ ಕೆಲವೇ ಮಿಲಿಮೀಟರ್ ಜಾಗದಲ್ಲಿ ಶಾಖವಾಗುತ್ತದೆ. ಶಾಖ ಜಾಸ್ತಿಯಾದರೆ ಅಲ್ಲಿನ ಮಾಂಸಕ್ಕೆ ಸಣ್ಣ ಗಾಯವಾಗಿ, ಹೃದಯ ಬಡಿಯಲು ಪೇಸ್‌ಮೇಕರ್ ಮೊದಲಿಗಿಂತ ಹೆಚ್ಚು ಕರೆಂಟು ಕೊಡಬೇಕಾಗಬಹುದು. ಹೃದಯದ ಎಂಆರ್‌ಐಯಲ್ಲಿ ಅಲೆಗಳು ನೇರ ಎದೆಯ ಮೇಲೇ ಬೀಳುವುದರಿಂದ ಈ ಲೆಕ್ಕಕ್ಕೆ ಮಹತ್ವ ಇದೆ. ಹೊಸ ಲೀಡ್‌ಗಳ ರಚನೆಯಲ್ಲಿ ಇದಕ್ಕೆಂದೇ ಬದಲಾವಣೆ ಮಾಡಿದ್ದಾರೆ.

ನನ್ನನ್ನು ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಬೇರೊಂದು ಸಂಗತಿ. ಮಶೀನು ಢಗ್ ಢಗ್ ಎಂದು ಸದ್ದು ಮಾಡುವಾಗ ಉಂಟಾಗುವ ವಿದ್ಯುತ್ ಗದ್ದಲವನ್ನು ಪೇಸ್‌ಮೇಕರ್ 'ಓ, ಹೃದಯ ತಾನೇ ಬಡಿಯುತ್ತಿದೆ' ಎಂದು ತಪ್ಪಾಗಿ ಓದಬಹುದು. ಹಾಗೆ ಓದಿದರೆ ತನ್ನ ಕೆಲಸ ನಿಲ್ಲಿಸಿ ಸುಮ್ಮನಾಗುತ್ತದೆ. ಸ್ವಂತ ಬಡಿತ ಸ್ವಲ್ಪವಾದರೂ ಇದ್ದವರಿಗೆ ಅದರಿಂದ ಏನೂ ಆಗದಿರಬಹುದು. ಪೂರ್ತಿ ಪೇಸ್‌ಮೇಕರನ್ನೇ ನಂಬಿಕೊಂಡವರಿಗೆ ಕೆಲವು ಸೆಕೆಂಡುಗಳೇ ಅಪಾಯ. ಮೊದಮೊದಲು, ಪೇಸ್‌ಮೇಕರ್ ಇದೆಯೆಂದೇ ತಿಳಿಯದೆ, ಯಾವ ನಿಗಾ ಇಲ್ಲದೆ ಸ್ಕ್ಯಾನ್ ಮಾಡಿದಾಗ ಕೆಲವರು ತೀರಿಕೊಂಡ ವರದಿಗಳಿವೆ. 'ಪೇಸ್‌ಮೇಕರ್ ಇದ್ದರೆ ಎಂಆರ್‌ಐ ಇಲ್ಲವೇ ಇಲ್ಲ' ಅನ್ನುವ ನಿಯಮ ಹುಟ್ಟಿದ್ದು ಆ ಕಾಲದಲ್ಲಿ. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಎಷ್ಟೋ ಸೆಂಟರ್‌ಗಳು ಈಗಲೂ ಅಲ್ಲೇ ನಿಂತಿವೆ.

ಆಮೇಲೆ ಏನು ಬದಲಾಯಿತು? 2017ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಎರಡೂ ನಿಮ್ಮ ಅಪ್ಪನಂಥವರ ಮೇಲೆ, ಅಂದರೆ ಎಂಆರ್‌ಐಗೆ ಒಪ್ಪಿಗೆ ಇಲ್ಲದ ಉಪಕರಣ ಇದ್ದವರ ಮೇಲೆ ಮಾಡಿದ್ದು. ಮ್ಯಾಗ್ನಾಸೇಫ್ ಎಂಬ ಮೊದಲನೆಯದರಲ್ಲಿ 1500 ಸ್ಕ್ಯಾನ್ ನಡೆದವು. ಸ್ಕ್ಯಾನ್ ವೇಳೆ ಒಂದು ಸಾವೂ ಆಗಲಿಲ್ಲ, ಒಂದು ಲೀಡೂ ಕೆಡಲಿಲ್ಲ. ಆದರೆ ಅದರಲ್ಲಿ ಎದೆಯ ಸ್ಕ್ಯಾನ್ ಸೇರಿರಲಿಲ್ಲ. ಎರಡನೆಯದು ಜಾನ್ಸ್ ಹಾಪ್ಕಿನ್ಸ್ ಮತ್ತು ಪೆನ್ಸಿಲ್ವೇನಿಯಾದ ವೈದ್ಯರದು. ಅದರಲ್ಲಿ 1509 ಜನರಿಗೆ 2103 ಸ್ಕ್ಯಾನ್ ಮಾಡಿದರು, ಎದೆಯದ್ದೂ ಸೇರಿ. ಒಂಬತ್ತು ಸ್ಕ್ಯಾನ್‌ಗಳಲ್ಲಿ ಉಪಕರಣ ತನ್ನ ಸೆಟ್ಟಿಂಗ್ ಕಳೆದುಕೊಂಡು ಮೂಲ ಸ್ಥಿತಿಗೆ ಹೋಯಿತು. ಎಂಟರಲ್ಲಿ ಅದು ತಾತ್ಕಾಲಿಕ. ಒಬ್ಬರ ಪೇಸ್‌ಮೇಕರ್‌ನಲ್ಲಿ ಬ್ಯಾಟರಿ ಒಂದು ತಿಂಗಳಿಗೂ ಕಡಿಮೆ ಉಳಿದಿತ್ತು, ಅದನ್ನು ಮತ್ತೆ ಸರಿಪಡಿಸಲು ಆಗದೆ ಬದಲಾಯಿಸಬೇಕಾಯಿತು. ಈ ಸ್ಕ್ಯಾನ್‌ಗಳೆಲ್ಲ 1.5 ಟೆಸ್ಲಾ ಮಶೀನಿನಲ್ಲಿ, ಮೊದಲು ಸೆಟ್ಟಿಂಗ್ ಬದಲಿಸಿ, ಪಕ್ಕದಲ್ಲೇ ತಿಳಿದವರನ್ನು ಇಟ್ಟುಕೊಂಡು ಮಾಡಿದವು. ಈ ಮಾತನ್ನು ಬಿಟ್ಟು ಬರೀ ಅಂಕಿ ಓದಬಾರದು. ಅದೇ ವರ್ಷ ಹೃದಯದ ಲಯದ ತಜ್ಞರ ಅಂತರರಾಷ್ಟ್ರೀಯ ಸಂಘಟನೆ, ಹಾರ್ಟ್ ರಿದಮ್ ಸೊಸೈಟಿ, ಸರಿಯಾದ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲಿ, ಬೇರೆ ಪರೀಕ್ಷೆಯಿಂದ ಉತ್ತರ ಸಿಗದಿದ್ದಾಗ ಇಂಥವರಿಗೂ ಎಂಆರ್‌ಐ ಮಾಡುವುದು ಸಮಂಜಸ ಎಂದು ಹೇಳಿತು.

ಒಂದು ವಿನಾಯಿತಿ ಇದೆ. ತುಂಡಾದ ಲೀಡ್, ಡಬ್ಬಿಗೆ ಸೇರಿಸದೆ ಒಳಗೇ ಬಿಟ್ಟ ಹಳೆ ಲೀಡ್, ಆಪರೇಷನ್ ವೇಳೆ ಹೃದಯದ ಹೊರಮೈಗೆ ಹೊಲಿದ ಲೀಡ್ ಇವು ಹೆಚ್ಚು ಕಾಯಬಲ್ಲವು. ಬಿಟ್ಟ ಲೀಡ್ ಇದ್ದವರನ್ನು ಮ್ಯಾಗ್ನಾಸೇಫ್‌ನಲ್ಲಿ ಸೇರಿಸಿಕೊಂಡಿರಲಿಲ್ಲ. ಇತ್ತೀಚೆಗೆ ಅಂಥವರಲ್ಲೂ ಮಾಡಿ ತೊಂದರೆ ಕಡಿಮೆ ಎಂದು ತೋರಿಸಿದ್ದಾರೆ. ಆದರೂ ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2019ರಲ್ಲಿ ಯಾವುದಾದರೂ ವೈರನ್ನು ಬೇರ್ಪಡಿಸಿ ಒಳಗೇ ಬಿಟ್ಟಿದ್ದಾರೆಯೇ? ಒಂದು ಸಾದಾ ಎದೆಯ ಎಕ್ಸ್‌ರೇ ತೆಗೆಸಿದರೆ ಗೊತ್ತಾಗಿಬಿಡುತ್ತದೆ.

ಇಷ್ಟು ಸುರಕ್ಷತೆಯ ಮಾತಾಯಿತು. ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವುದು, ಈ ಸ್ಕ್ಯಾನ್ ನಿಮ್ಮ ಅಪ್ಪನಿಗೆ ಯಾಕೆ ಬೇಕು ಅನ್ನುವುದು. ಸ್ಕ್ಯಾನ್‌ನ ಫಲಿತಾಂಶದಿಂದ ಚಿಕಿತ್ಸೆ ಬದಲಾಗದಿದ್ದರೆ ಸಣ್ಣ ಅಪಾಯವೂ ಬೇಡ. ಬದಲಾಗುವ ಹಾಗಿದ್ದರೆ ಸಣ್ಣ ಅಪಾಯಕ್ಕೆ ಹೆದರಿ ಕೂರುವುದು ಸರಿಯಲ್ಲ.

ಪಂಪಿಂಗ್ ಕಡಿಮೆಯಾಗಲು ಅವರ ವಿಷಯದಲ್ಲಿ ಎರಡು ದೊಡ್ಡ ಸಾಧ್ಯತೆಗಳಿವೆ. ಮೊದಲನೆಯದು ಪೇಸ್‌ಮೇಕರೇ ಕಾರಣವಾಗಿರುವುದು. ಸಾಮಾನ್ಯವಾಗಿ ಲೀಡನ್ನು ಬಲ ಕೆಳಕೋಣೆಯಲ್ಲಿ ಕೂರಿಸುತ್ತಾರೆ. ಅಲ್ಲಿಂದ ಹೊರಟ ಕರೆಂಟು ಎಡಗೋಡೆಗೆ ತಡವಾಗಿ ತಲುಪುತ್ತದೆ. ಎರಡು ಗೋಡೆ ಒಟ್ಟಿಗೆ ಹಿಂಡಬೇಕಾದ್ದು ಹಿಂದೆ ಮುಂದೆ ಹಿಂಡುತ್ತವೆ. ವರ್ಷಗಟ್ಟಲೆ ಹೀಗೇ ನಡೆದರೆ ಕೆಲವರಲ್ಲಿ ಹೃದಯ ಸೋಲುತ್ತದೆ. ಅದೇ ಕಾರಣವಾದರೆ ಪರಿಹಾರವೂ ಇದೆ. ಎರಡೂ ಕಡೆ ಒಟ್ಟಿಗೆ ಬಡಿಸುವ ಸಿಆರ್‌ಟಿ, ಇಲ್ಲವೇ ಹೃದಯದಲ್ಲಿ ಕರೆಂಟು ಸಾಗಿಸುವ ಸಹಜ ತಂತುವಿಗೇ ಲೀಡ್ ಕೂರಿಸುವ ಹೊಸ ವಿಧಾನ. ಎಷ್ಟೋ ಜನರ ಪಂಪಿಂಗ್ ಇದರಿಂದ ಮೇಲೆ ಬರುತ್ತದೆ.

ಎರಡನೆಯದು, 45ರ ವಯಸ್ಸಿನಲ್ಲಿ ಹಾರ್ಟ್ ಬ್ಲಾಕ್ ಮಾಡಿದ ಕಾಯಿಲೆಯೇ ಈಗ ಹೃದಯವನ್ನು ತಿನ್ನುತ್ತಿರುವುದು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ವಯಸ್ಸಿನ ಮೇಲೆ. ಎಪ್ಪತ್ತು ದಾಟಿದವರಿಗೆ ಬ್ಲಾಕ್ ಆದರೆ ವಯಸ್ಸಿನ ಸವೆತ ಅನ್ನಬಹುದು. 45ಕ್ಕೆ ಹಾಗೆ ಸುಮ್ನೆ ಆಗುವುದಿಲ್ಲ, ಕಾರಣ ಹುಡುಕಬೇಕು. ಸಾರ್ಕಾಯಿಡೋಸಿಸ್ ಎಂಬ ಉರಿಯೂತದ ಕಾಯಿಲೆ ಹೀಗೆ ಮಾಡಬಲ್ಲದು. ನಮ್ಮ ದೇಶದಲ್ಲಿ ಟಿಬಿಯೂ ಅಪರೂಪಕ್ಕೆ ಮಾಡುತ್ತದೆ. ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಟಿಬಿ ಇರುವವರಿಗೆ ಸಾರ್ಕಾಯಿಡ್ ಎಂದು ಬರೀ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಕೆರಳುತ್ತದೆ. ಇನ್ನು ಲ್ಯಾಮಿನ್ ಎಂಬ ಜೀನ್‌ನ ದೋಷದಿಂದ ಮೊದಲು ಬ್ಲಾಕ್, ಆಮೇಲೆ ಪಂಪಿಂಗ್ ಕುಸಿತ ಆಗುವ ಮನೆತನಗಳಿವೆ. ನಿಮ್ಮ ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರಲ್ಲಿ ಯಾರಿಗಾದರೂ ಪೇಸ್‌ಮೇಕರ್ ಹಾಕಿದ್ದಾರೆಯೇ, ಯಾರಾದರೂ ನಲವತ್ತು ಐವತ್ತಕ್ಕೆ ಇದ್ದಕ್ಕಿದ್ದ ಹಾಗೆ ಹೋಗಿದ್ದಾರೆಯೇ ಎಂದು ಮನೆಯಲ್ಲಿ ಕೇಳಿ, ಡಾಕ್ಟರಿಗೆ ತಿಳಿಸಿ. ಉತ್ತರ ಹೌದು ಎಂದಾದರೆ ಅದು ನಿಮ್ಮ ಆರೋಗ್ಯಕ್ಕೂ ಸಂಬಂಧಪಟ್ಟದ್ದು.

ಎಂಆರ್‌ಐ ಇಲ್ಲಿ ಏನು ಮಾಡುತ್ತದೆ? ಗ್ಯಾಡೋಲಿನಿಯಂ ಡೈ ಕೊಟ್ಟು ತೆಗೆದ ಚಿತ್ರದಲ್ಲಿ ಹೃದಯದ ಮಾಂಸದೊಳಗಿನ ಗಾಯದ ಕಲೆ ಬೆಳ್ಳಗೆ ಎದ್ದು ಕಾಣುತ್ತದೆ. ಕಲೆ ಎಲ್ಲಿದೆ, ಒಳಪದರದಲ್ಲೋ ನಡುವೆಯೋ ಹೊರಮೈಯಲ್ಲೋ ಅನ್ನುವುದರಿಂದ ಕಾಯಿಲೆಯ ಸುಳಿವು ಸಿಗುತ್ತದೆ. ಕಲೆ ಜಾಸ್ತಿ ಇದ್ದರೆ ಅಪಾಯಕಾರಿ ಲಯ ತಪ್ಪುವ ಸಾಧ್ಯತೆಯೂ ಜಾಸ್ತಿ. ಆಗ ಮುಂದೆ ಹಾಕುವ ಉಪಕರಣಕ್ಕೆ ಶಾಕ್ ಕೊಡುವ ಶಕ್ತಿಯೂ ಬೇಕೇ ಎಂದು ಯೋಚಿಸುತ್ತೇವೆ. ಅಂದರೆ ನಿಮ್ಮ ಅಪ್ಪನ ವಿಷಯದಲ್ಲಿ ಈ ಚಿತ್ರ ಚಿಕಿತ್ಸೆಯನ್ನು ನಿಜವಾಗಿಯೂ ಬದಲಿಸಬಲ್ಲದು. ನಿಮ್ಮ ಡಾಕ್ಟರು ಸರಿಯಾಗಿಯೇ ಬರೆದಿದ್ದಾರೆ.

ಒಂದು ತೊಡಕು ಉಂಟು. ಡಬ್ಬಿ ಎಡ ಎದೆಯ ಮೇಲಿದ್ದರೆ ಚಿತ್ರದಲ್ಲಿ ಆ ಜಾಗ ಕಪ್ಪು ಗುಂಡಿಯಂತೆ ಬರುತ್ತದೆ. ಅದರ ಅಂಚು ಹೃದಯದ ಮುಂಗೋಡೆಗೆ ತಾಗಿ, ಇಲ್ಲದ ಕಡೆ ಬಿಳಿ ಮೂಡಿ ಕಲೆಯ ಹಾಗೆ ಮೋಸ ಮಾಡುತ್ತದೆ. ಶಾಕ್ ಕೊಡುವ ಐಸಿಡಿಯಲ್ಲಿ ಇದು ತುಂಬಾ, ಪೇಸ್‌ಮೇಕರ್‌ನಲ್ಲಿ ಕಡಿಮೆ. ಈ ಮೋಸವನ್ನು ತಗ್ಗಿಸಲು ವೈಡ್‌ಬ್ಯಾಂಡ್ ಎಂಬ ವಿಧಾನ ಇದೆ, ಆದರೆ ಅದು ಎಲ್ಲ ಮಶೀನಿನಲ್ಲೂ ಇರುವುದಿಲ್ಲ. ಆದ್ದರಿಂದ 'ಪೇಸ್‌ಮೇಕರ್ ಇರುವವರ ಹೃದಯದ ಎಂಆರ್‌ಐ ನಿಮ್ಮಲ್ಲಿ ಮಾಡುತ್ತೀರಾ, ವೈಡ್‌ಬ್ಯಾಂಡ್ ಇದೆಯಾ' ಎಂದು ಮೊದಲೇ ಕೇಳಿ. ಬೆನ್ನು, ಮಂಡಿ ಚೆನ್ನಾಗಿ ಸ್ಕ್ಯಾನ್ ಮಾಡುವ ಸೆಂಟರ್ ಇದನ್ನೂ ಚೆನ್ನಾಗಿ ಮಾಡುತ್ತದೆ ಎಂದೇನಿಲ್ಲ.

ಹಳೆ ಲೀಡ್ ತೆಗೆಸಿ ಬನ್ನಿ ಅಂದರಲ್ಲ, ಅದನ್ನು ಮಾತ್ರ ದಯವಿಟ್ಟು ಮಾಡಿಸಬೇಡಿ. ಇಷ್ಟು ವರ್ಷದಲ್ಲಿ ಆ ಲೀಡ್ ರಕ್ತನಾಳದ ಗೋಡೆಗೂ ಹೃದಯಕ್ಕೂ ಗಟ್ಟಿಯಾಗಿ ಅಂಟಿರುತ್ತದೆ. ಬಿಡಿಸುವಾಗ ನಾಳವೋ ಹೃದಯವೋ ಹರಿದರೆ ತಕ್ಷಣ ಎದೆ ತೆರೆಯಬೇಕಾಗುತ್ತದೆ. ಸೋಂಕು ತಗುಲಿದಾಗ ಆ ಅಪಾಯ ತೆಗೆದುಕೊಳ್ಳಲೇಬೇಕು. ಬರೀ ಒಂದು ಸ್ಕ್ಯಾನ್‌ಗೋಸ್ಕರ ಅಲ್ಲ. ಎಂಆರ್‌ಐಯ ಅಪಾಯಕ್ಕಿಂತ ಇದು ಎಷ್ಟೋ ದೊಡ್ಡದು.

ಸಿಟಿ ಬಗ್ಗೆ ಕೇಳಿದ್ದೀರಿ. ಪೇಸ್‌ಮೇಕರ್ ಇದ್ದವರಿಗೆ ಸಿಟಿ ಮಾಡಿಸಲು ಅಡ್ಡಿ ಇಲ್ಲ. ಆದರೆ ಹೃದಯದ ಮಾಂಸದೊಳಗಿನ ಕಲೆ ತೋರಿಸುವುದರಲ್ಲಿ ಅದು ಎಂಆರ್‌ಐಗೆ ಸಮ ಅಲ್ಲ. ಶ್ವಾಸಕೋಶದ ಸುತ್ತ ಗಂಟು ಇದೆಯೇ ಎಂದು ನೋಡಲು ಮಾತ್ರ ತುಂಬಾ ಉಪಯೋಗ. ಗಂಟು ಸಿಕ್ಕಿದರೆ ಅದರಿಂದಲೇ ಚೂರು ತೆಗೆದು ಟಿಬಿಯೋ ಸಾರ್ಕಾಯಿಡೋ ಎಂದು ಪರೀಕ್ಷಿಸಬಹುದು. ನಿಮಗೆ ಸಿಟಿಗಿಂತ ಹತ್ತಿರದ ಬದಲಿ ದಾರಿ ಪೆಟ್ ಸ್ಕ್ಯಾನ್, ಅಂದರೆ ಸೂಜಿಯಲ್ಲಿ ಕೊಟ್ಟ ಸಕ್ಕರೆಯಂಥ ಔಷಧವನ್ನು ಮೈಯ ಯಾವ ಭಾಗ ಹೀರಿಕೊಳ್ಳುತ್ತದೆ ಎಂದು ನೋಡುವ ಪರೀಕ್ಷೆ. ಅದಕ್ಕೆ ಪೇಸ್‌ಮೇಕರ್ ಅಡ್ಡ ಬರುವುದಿಲ್ಲ, ಉರಿಯೂತ ಈಗ ಜೀವಂತ ಇದೆಯೇ ಎಂದು ತೋರಿಸುತ್ತದೆ. ಆದರೆ ಅದಕ್ಕೆ ಪಥ್ಯ ಕಟ್ಟುನಿಟ್ಟು. ಹಿಂದಿನ ದಿನದಿಂದ ಅನ್ನ, ಮುದ್ದೆ, ಇಡ್ಲಿ, ಹಣ್ಣು, ಸಕ್ಕರೆ ಹಾಕಿದ ಕಾಫಿ ಯಾವುದೂ ಇಲ್ಲ. ಸೆಂಟರ್‌ನವರು ಹೇಳಿದ ಕೊಬ್ಬು, ಪ್ರೋಟೀನ್ ಇರುವ ಊಟ ಮಾಡಿ, ಆಮೇಲೆ ಉಪವಾಸ ಇರಬೇಕು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಬೇಕು. ಒಂದು ತುತ್ತು ಅನ್ನ ತಿಂದರೂ ಹೃದಯದ ಮಾಂಸವೇ ಸಕ್ಕರೆ ಹೀರಿಕೊಂಡು ಚಿತ್ರ ಹಾಳಾಗಬಹುದು.

ನಾನಾಗಿದ್ದರೆ ಹೀಗೆ ಹೋಗುತ್ತಿದ್ದೆ. ಮೊದಲು ಪೇಸ್‌ಮೇಕರ್ ಕ್ಲಿನಿಕ್‌ನಲ್ಲಿ ತಪಾಸಣೆ. ಬ್ಯಾಟರಿ ಎಷ್ಟಿದೆ, ಲೀಡ್ ಸರಿಯಿದೆಯೇ, ನೂರಕ್ಕೆ ಎಷ್ಟು ಬಡಿತ ಪೇಸ್‌ಮೇಕರ್‌ನದು, ಸ್ವಂತ ಬಡಿತ ಇದೆಯೇ, ನಡುವೆ ಲಯ ತಪ್ಪಿದ ದಾಖಲೆ ಇದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಜೊತೆಗೆ ಎಕ್ಸ್‌ರೇ, ಕಿಡ್ನಿ ಹೇಗಿದೆ ಎಂದು ತಿಳಿಯಲು ಕ್ರಿಯಾಟಿನಿನ್ ರಕ್ತಪರೀಕ್ಷೆ. ಕಿಡ್ನಿ ತೀರಾ ಸೋತಿದ್ದರೆ ಡೈ ಬಗ್ಗೆ ಎರಡನೇ ಸಲ ಯೋಚಿಸಬೇಕಾಗುತ್ತದೆ. ಲೀಡ್ ಪಟ್ಟಿಯಲ್ಲಿದ್ದರೆ ದಾರಿ ಸಲೀಸು. ಇಲ್ಲದಿದ್ದರೆ ಹೃದಯದ ಡಾಕ್ಟರು, ಎಂಆರ್‌ಐ ಓದುವ ಡಾಕ್ಟರು, ಪೇಸ್‌ಮೇಕರ್ ತಂತ್ರಜ್ಞರು ಮೂವರೂ ಒಂದೇ ಕಡೆ ಸಿಗುವ ದೊಡ್ಡ ಹೃದಯದ ಆಸ್ಪತ್ರೆಯಲ್ಲಿ, ಒಪ್ಪಿಗೆ ಪತ್ರ ಓದಿ ಸಹಿ ಮಾಡಿ, ಮಾಡಿಸಬಹುದು. ಸಿಆರ್‌ಟಿ ಹಾಕುವ ಮಾತು ನಡೆದಿದ್ದರೆ ಎಂಆರ್‌ಐ ಅದಕ್ಕೂ ಮೊದಲೇ ಆಗಲಿ. ಹೊಸ ಲೀಡ್ ಹಾಕಿದರೆ ಆರು ವಾರ ಕಾಯಬೇಕು, ಹಳೆ ಲೀಡ್ ಒಳಗೇ ಬಿಟ್ಟರೆ ತೊಡಕು ಹೆಚ್ಚುತ್ತದೆ, ಐಸಿಡಿ ಸೇರಿದರೆ ಚಿತ್ರವೂ ಕೆಡುತ್ತದೆ. ಇದೆಲ್ಲ ನಡೆಯುವ ತನಕ ಪಂಪಿಂಗ್‌ಗೆ ಕೊಟ್ಟಿರುವ ಮಾತ್ರೆಗಳನ್ನು ಮಾತ್ರ ನಿಲ್ಲಿಸಬೇಡಿ. ಅವು ಸ್ಕ್ಯಾನ್‌ಗಾಗಿ ಕಾಯಬೇಕಿಲ್ಲ.

ಸ್ಕ್ಯಾನ್ ದಿನ ಏನಾಗುತ್ತದೆ ಎಂದು ಅಪ್ಪನಿಗೆ ಮೊದಲೇ ಹೇಳಿದರೆ ಅರ್ಧ ಭಯ ಹೋಗುತ್ತದೆ. ತಂತ್ರಜ್ಞರು ಒಂದು ಸಣ್ಣ ತಟ್ಟೆಯಂಥದ್ದನ್ನು ಪೇಸ್‌ಮೇಕರ್ ಮೇಲೆ ಇಡುತ್ತಾರೆ. ಪಕ್ಕದ ಲ್ಯಾಪ್‌ಟಾಪ್‌ನಂಥ ಮಶೀನಿನಲ್ಲಿ ಲೀಡ್, ಬ್ಯಾಟರಿಯ ಅಂಕಿ ಬರೆದಿಟ್ಟುಕೊಳ್ಳುತ್ತಾರೆ. ಸ್ವಂತ ಬಡಿತ ಇಲ್ಲದವರಿಗೆ, ಹೊರಗಿನ ಯಾವ ಗದ್ದಲವನ್ನೂ ಲೆಕ್ಕಿಸದೆ ಒಂದೇ ವೇಗದಲ್ಲಿ ಬಡಿಸುವ ಸ್ಥಿತಿಗೆ ಪೇಸ್‌ಮೇಕರನ್ನು ಹಾಕುತ್ತಾರೆ. ಆಫ್ ಮಾಡುವುದಿಲ್ಲ, ಹೃದಯ ಬಡಿಸುವ ಕೆಲಸ ನಡೆದೇ ಇರುತ್ತದೆ. ಬಡಿತ ಸ್ವಲ್ಪ ಜೋರಾದ ಹಾಗೆ ಅನಿಸಬಹುದು. ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕುತ್ತಾರೆ. ಮಶೀನಿನೊಳಗೆ ಇಸಿಜಿ ಗೀಟು ಕಲಸಿಹೋಗುವುದರಿಂದ ನಾಡಿ ನೋಡಲು ಆ ಕ್ಲಿಪ್ ಮುಖ್ಯ. ಕೈಗೆ ಒತ್ತುವ ಬಲ್ಬ್ ಕೊಡುತ್ತಾರೆ, ಏನಾದರೂ ಅನಿಸಿದರೆ ಒತ್ತಿದರಾಯಿತು. ಎದೆಯ ಮೇಲೆ ಭಾರದ ಒಂದು ಹಲಗೆ ಕಟ್ಟುತ್ತಾರೆ. 'ಉಸಿರು ಹಿಡಿಯಿರಿ, ಬಿಡಿ' ಎಂದು ಪದೇ ಪದೇ ಹೇಳುತ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು, ಅಗತ್ಯ ಬಿದ್ದರೆ ಹೊರಗಿನಿಂದ ಶಾಕ್ ಮತ್ತು ಪೇಸಿಂಗ್ ಕೊಡುವ ಮಶೀನಿನೊಂದಿಗೆ ಒಬ್ಬ ಡಾಕ್ಟರು ಹೊರಗಿನ ಕೋಣೆಯಲ್ಲೇ ಇರಬೇಕು. 'ಕಂಪನಿಯವರು ಸೆಟ್ಟಿಂಗ್ ಮಾಡಿ ಹೋಗುತ್ತಾರೆ, ಸಂಜೆ ಬಂದು ಸರಿ ಮಾಡುತ್ತಾರೆ' ಎಂದು ಯಾರಾದರೂ ಹೇಳಿದರೆ ಅಲ್ಲಿ ಮಾಡಿಸಬೇಡಿ.

ಸ್ಕ್ಯಾನ್ ಮುಗಿದ ಕೂಡಲೇ, ಆಸ್ಪತ್ರೆಯಿಂದ ಹೊರಡುವ ಮೊದಲು, ಅದೇ ಅಂಕಿಗಳನ್ನು ಮತ್ತೆ ತೆಗೆದು ಹೋಲಿಸಿ ಪೇಸ್‌ಮೇಕರನ್ನು ಹಳೆ ಸೆಟ್ಟಿಂಗ್‌ಗೆ ತರಬೇಕು. ಸ್ಕ್ಯಾನ್‌ಗೆ ಮೊದಲಿನದು, ನಂತರದ್ದು ಎರಡರ ಪ್ರಿಂಟನ್ನೂ ಕೇಳಿ ಪಡೆದುಕೊಳ್ಳಿ. ಒಂದೆರಡು ವಾರ ಆದ ಮೇಲೆ ಒಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ತೋರಿಸಿ, ಲೀಡ್‌ನ ಅಂಕಿ ಏರಿದೆಯೇ ನೋಡಿಸಿ. ನಡುವೆ ತಲೆ ತಿರುಗಿದರೆ, ಕಣ್ಣು ಕತ್ತಲೆ ಬಂದರೆ ಆ ದಿನಾಂಕಕ್ಕೆ ಕಾಯದೆ ಅವತ್ತೇ ಹೊರಡಿ. ಇದನ್ನು ಓದುತ್ತಿರುವವರ ಮನೆಯಲ್ಲಿ ಐಸಿಡಿ ಇದ್ದವರಿದ್ದರೆ, ಸ್ಕ್ಯಾನ್‌ಗೆಂದು ನಿಲ್ಲಿಸಿದ ಶಾಕ್ ಸೌಲಭ್ಯ ಮತ್ತೆ ಆನ್ ಆಗಿದೆ ಎಂಬ ಸಾಲು ಆ ಪ್ರಿಂಟಿನಲ್ಲಿ ಇದೆಯೇ ಎಂದು ನೋಡಿಕೊಂಡೇ ಹೊರಡಬೇಕು. ಬರೀ ಸ್ಟೆಂಟ್ ಅಥವಾ ಕೃತಕ ಕವಾಟ ಇದ್ದವರು ಈ ಗುಂಪಿಗೆ ಸೇರುವುದಿಲ್ಲ. ಕಾರ್ಡ್ ತೋರಿಸಿದರೆ ಸಾಮಾನ್ಯವಾಗಿ ಅವರಿಗೆ ಎಂಆರ್‌ಐಗೆ ತಡೆ ಇರುವುದಿಲ್ಲ.